ಮಾಯವಾದ ಐದು ಬಕೆಟ್ ಹಾಲು: ‘ಅನಿಮಲ್ ಫಾರ್ಮ್’ ಬಾಯಿಬಿಟ್ಟು ಹೇಳದ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಮಾತು ಒಂದು ಪುಸ್ತಕದ ಬಗ್ಗೆ. ಆದರೆ ಅದಕ್ಕೂ ಮೊದಲು ನನ್ನದೇ ಒಂದು ಹಳೇ ಕಥೆ ಹೇಳಬೇಕು. ಸ್ವಲ್ಪ ನಾಚಿಕೆಯ ಕಥೆ.

ಡಿಗ್ರಿ ಓದುವಾಗ ನಾನು ಹಾಸ್ಟೆಲ್‌ನಲ್ಲಿದ್ದೆ. ಮೆಸ್ ಕಂಟ್ರಾಕ್ಟರ್ ಕೊಡ್ತಿದ್ದ ಸಾಂಬಾರಿನಲ್ಲಿ ಬೇಳೆ ಹುಡುಕಬೇಕಿತ್ತು. ಮೊಸರು ಅಂತ ಬಡಿಸ್ತಿದ್ದದ್ದು ನೀರುಮಜ್ಜಿಗೆ. ಒಂದು ದಿನ ಎಲ್ಲರೂ ತಟ್ಟೆ ಕವುಚಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತೆವು. ಮೂರು ದಿನ ಕೂತೆವು. ನಾಲ್ಕನೇ ದಿನ ಕಂಟ್ರಾಕ್ಟರ್ ಹೋದ, ಮೆಸ್ ನಮ್ಮ ಕೈಗೆ ಬಂತು. ಐದು ಜನರ ಕಮಿಟಿ ಆಯ್ತು. ಕೈಬರಹ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನೂ ಸೇರಿಸ್ಕೊಂಡರು. ಊಟದ ಹಾಲ್‌ನ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಆರು ನಿಯಮ ಬರೆದವನು ನಾನೇ. ಮೊದಲನೆಯದು: ಎಲ್ಲರಿಗೂ ಒಂದೇ ಸಾಲು, ಎಲ್ಲರಿಗೂ ಒಂದೇ ಊಟ.

ಅವತ್ತು ರಾತ್ರಿ ತಿಂದ ಅನ್ನ ಸಾರಿನ ರುಚಿ ನನಗೆ ಇವತ್ತಿಗೂ ನೆನಪಿದೆ. ಆ ಹಲಗೆಗೆ ಮುಂದೆ ಏನಾಯ್ತು ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ. ಯಾಕೆಂದರೆ ಅದು ನನಗೆ ಅರ್ಥ ಆಗಿದ್ದು ಈ ಪುಸ್ತಕ ಓದಿದ ಮೇಲೆ.

ಪುಸ್ತಕದ ಹೆಸರು ‘ಅನಿಮಲ್ ಫಾರ್ಮ್’. ಬರೆದವರು ಜಾರ್ಜ್ ಆರ್ವೆಲ್. ಕಥೆಯ ಕೊನೆಯವರೆಗೂ ಮಾತಾಡ್ತೀನಿ. ಓದದೇ ಇರೋರು ಬೇಕಾದರೆ ಇಲ್ಲೇ ನಿಲ್ಲಿಸಿ, ಓದ್ಕೊಂಡು ಬನ್ನಿ. ಹತ್ತೇ ಅಧ್ಯಾಯ, ಒಂದು ಭಾನುವಾರ ಸಾಕು.

ಬರೆದವರು ಯಾರು?

ಆರ್ವೆಲ್ ಅವರ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು 1903ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ಅಧಿಕಾರಿ. ಮಗ ಬೆಳೆದದ್ದು ಇಂಗ್ಲೆಂಡಿನಲ್ಲಿ. ದೊಡ್ಡವನಾಗಿ ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಅಧಿಕಾರಿಯಾಗಿದ್ದು, ಸಾಮ್ರಾಜ್ಯದ ಕೆಲಸವೇ ಬೇಡ ಅಂತ ಬಿಟ್ಟು ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1943ರವರೆಗೆ, ಬಿಬಿಸಿಯಲ್ಲಿ ಕೂತು ಭಾರತದ ಕೇಳುಗರಿಗಾಗಿ ರೇಡಿಯೊ ಕಾರ್ಯಕ್ರಮ ಮಾಡ್ತಿದ್ದರು. ಒಂದು ಲೆಕ್ಕದಲ್ಲಿ ನಮ್ಮದೇ ಕಸುಬು. ಆ ಕೆಲಸ ಬಿಟ್ಟ ಕೂಡಲೇ, 1943ರ ಕೊನೆಗೆ, ಈ ಪುಸ್ತಕ ಶುರು ಮಾಡಿದರು. ಮೂರ್ನಾಲ್ಕು ತಿಂಗಳಲ್ಲಿ ಮುಗಿಸಿದರು.

ಆದರೆ ಪುಸ್ತಕದ ಬೇರು ಇರೋದು ಸ್ಪೇನಿನಲ್ಲಿ. 1936ರ ಕೊನೆಗೆ ಆರ್ವೆಲ್ ಅಲ್ಲಿಗೆ ಹೋಗಿ ಫ್ರಾಂಕೋನ ಸೈನ್ಯದ ವಿರುದ್ಧ ಬಂದೂಕು ಹಿಡಿದರು. 1937ರ ಮೇ ತಿಂಗಳಲ್ಲಿ ಗಂಟಲಿಗೆ ಗುಂಡು ಬಿತ್ತು, ಬದುಕಿಕೊಂಡರು. ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಅವರು ಸೇರಿದ್ದ ಎಡಪಂಥೀಯ ಪಡೆಯನ್ನೇ ಸ್ಟಾಲಿನ್ ಪರ ಕಮ್ಯುನಿಸ್ಟರು ದೇಶದ್ರೋಹಿಗಳು ಅಂತ ಸಾರಿ ಬೇಟೆಯಾಡಿದರು. ತಮ್ಮ ಜೊತೆ ಹೋರಾಡಿದವರನ್ನ ಫ್ಯಾಸಿಸ್ಟರ ಏಜೆಂಟರು ಅಂತ ಪತ್ರಿಕೆಗಳು ಬರೆದವು, ದೂರದಲ್ಲಿ ಕೂತು ಓದಿದವರು ನಂಬಿದರು. ಆರ್ವೆಲ್ ಮತ್ತು ಹೆಂಡತಿ ಐಲೀನ್ ಕದ್ದುಮುಚ್ಚಿ ಗಡಿ ದಾಟಿದರು.

ಕಣ್ಣಾರೆ ನೋಡಿದ್ದು ಒಂದು, ಪೇಪರಿನಲ್ಲಿ ಬಂದದ್ದು ಇನ್ನೊಂದು. ಇದನ್ನ ನೆನಪಿಟ್ಕೊಳ್ಳಿ, ಪುಸ್ತಕದ ಉದ್ದಕ್ಕೂ ಮತ್ತೆ ಬರುತ್ತೆ.

ಕಥೆ, ಎರಡು ನಿಮಿಷದಲ್ಲಿ

ಇಂಗ್ಲೆಂಡಿನ ಒಂದು ಹೊಲಮನೆ. ಯಜಮಾನ ಜೋನ್ಸ್ ಕುಡುಕ. ಓಲ್ಡ್ ಮೇಜರ್ ಅನ್ನೋ ಮುದಿ ಹಂದಿ ಒಂದು ರಾತ್ರಿ ಪ್ರಾಣಿಗಳನ್ನೆಲ್ಲ ಸೇರಿಸಿ, ಮನುಷ್ಯನ ಹಿಡಿತದಿಂದ ಬಿಡುಗಡೆ ಆಗುವ ಕನಸು ಬಿತ್ತುತ್ತೆ. ಮೂರು ದಿನಕ್ಕೆ ಸತ್ತೂ ಹೋಗುತ್ತೆ. ಜೋನ್ಸ್ ಕುಡಿದು ಬಿದ್ದು ಮೇವು ಹಾಕದ ದಿನ ಪ್ರಾಣಿಗಳು ದಂಗೆ ಏಳುತ್ತವೆ, ಅವನನ್ನ ಓಡಿಸುತ್ತವೆ. ಕಣಜದ ಗೋಡೆ ಮೇಲೆ ಏಳು ಆಜ್ಞೆಗಳನ್ನ ಬಿಳಿ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೀತಾರೆ. ಓದು ಬರಹ ಕಲಿತಿರೋದು ಹಂದಿಗಳು, ಹಾಗಾಗಿ ಮುಂದಾಳತ್ವ ಅವುಗಳದ್ದು. ಅವುಗಳಲ್ಲಿ ಇಬ್ಬರು ನಾಯಕರು, ಸ್ನೋಬಾಲ್ ಮತ್ತು ನೆಪೋಲಿಯನ್. ಸ್ವಲ್ಪ ಕಾಲಕ್ಕೆ ನೆಪೋಲಿಯನ್ ಒಂಬತ್ತು ನಾಯಿಗಳನ್ನ ಛೂ ಬಿಟ್ಟು ಸ್ನೋಬಾಲ್‌ನನ್ನ ಓಡಿಸ್ತಾನೆ. ಆಮೇಲೆ ಒಂದೊಂದೇ ಆಜ್ಞೆ ಸವೀತಾ ಹೋಗುತ್ತೆ. ಕೊನೆಗೆ ಹಂದಿಗಳು ಎರಡು ಕಾಲಲ್ಲಿ ನಡೀತವೆ, ಕೈಯಲ್ಲಿ ಚಾಟಿ ಹಿಡೀತವೆ.

ಇಷ್ಟೇ ಕಥೆ. ಇದು ಅನ್ಯೋಕ್ತಿ. ಹಾಗಂದರೆ ಒಂದನ್ನ ಹೇಳ್ತಾ ಇನ್ನೊಂದನ್ನ ಸೂಚಿಸೋದು. ಜೋನ್ಸ್ ಅಂದರೆ ರಷ್ಯಾದ ಜಾರ್ ಎರಡನೇ ನಿಕೊಲಸ್. ಓಲ್ಡ್ ಮೇಜರ್‌ನಲ್ಲಿ ಮಾರ್ಕ್ಸ್ ಇದ್ದಾನೆ, ಸ್ವಲ್ಪ ಲೆನಿನ್ನೂ ಇದ್ದಾನೆ. ಸ್ನೋಬಾಲ್ ಟ್ರಾಟ್‌ಸ್ಕಿ, ನೆಪೋಲಿಯನ್ ಸ್ಟಾಲಿನ್. ನಾಯಿಗಳು ರಹಸ್ಯ ಪೊಲೀಸರು. ಪಕ್ಕದ ಹೊಲದ ಫ್ರೆಡರಿಕ್ ಖೋಟಾ ನೋಟು ಕೊಟ್ಟು ಮೋಸ ಮಾಡಿ, ಆಮೇಲೆ ದಾಳಿ ಮಾಡ್ತಾನಲ್ಲ, ಅದು 1939ರಲ್ಲಿ ಹಿಟ್ಲರ್ ಜೊತೆ ಸ್ಟಾಲಿನ್ ಮಾಡಿಕೊಂಡ ಒಪ್ಪಂದ ಮತ್ತು 1941ರ ಜರ್ಮನ್ ದಾಳಿ. ಪ್ರಾಣಿಗಳು ಸಾಲಾಗಿ ಬಂದು ಮಾಡದ ತಪ್ಪು ಒಪ್ಪಿಕೊಂಡು ಸಾಯೋ ದೃಶ್ಯ 1936ರಿಂದ 1938ರವರೆಗಿನ ಮಾಸ್ಕೋ ವಿಚಾರಣೆಗಳು.

ಪರೀಕ್ಷೆಗೆ ಇಷ್ಟು ಬರೆದರೆ ಮಾರ್ಕ್ಸ್ ಬರುತ್ತೆ. ಆದರೆ ಈ ಹೊಂದಿಸಿ ಬರೆಯಿರಿ ಆಟ ಮುಗಿದ ಮೇಲೂ ಪುಸ್ತಕ ಯಾಕೆ ಚುಚ್ಚುತ್ತೆ? ಸೋವಿಯತ್ ಒಕ್ಕೂಟ ಇಲ್ಲವಾಗಿ ಮೂರು ದಶಕಕ್ಕೂ ಹೆಚ್ಚಾಯ್ತು. ನನಗೆ ಅನಿಸೋದು ಇಷ್ಟು: ಈ ಪುಸ್ತಕದ ನಿಜವಾದ ಕೆಲಸ ನಡೆಯೋದು ಕಥೆ ಹೇಳೋ ರೀತಿಯಲ್ಲಿ. ಅದನ್ನ ತೋರಿಸೋಕೆ ಒಂದು ಸಣ್ಣ ದೃಶ್ಯ ತಗೋತೀನಿ.

ಹಾಲು ಎಲ್ಲಿ ಹೋಯ್ತು?

ಎರಡನೇ ಅಧ್ಯಾಯದ ಕೊನೆ. ಜೋನ್ಸ್‌ನನ್ನ ಓಡಿಸಿಯಾಗಿದೆ. ಗೋಡೆ ಮೇಲಿನ ಬಣ್ಣ ಇನ್ನೂ ಹಸಿ. ಹಸುಗಳು ಕರೆಯೋ ಹೊತ್ತಾಯ್ತು ಅಂತ ಕೂಗ್ತವೆ. ಹಂದಿಗಳೇ ಹೇಗೋ ಹಾಲು ಕರೀತವೆ. ಐದು ಬಕೆಟ್ ನೊರೆಹಾಲು. ಈ ಹಾಲನ್ನ ಏನು ಮಾಡೋದು ಅಂತ ಯಾರೋ ಕೇಳ್ತಾರೆ. ಜೋನ್ಸ್ ಕಾಲದಲ್ಲಿ ನಮ್ಮ ಮೇವಿಗೂ ಸ್ವಲ್ಪ ಬೆರೆಸ್ತಿದ್ದ ಅಂತ ಒಂದು ಕೋಳಿ ನೆನಪು ಮಾಡುತ್ತೆ. ನೆಪೋಲಿಯನ್ ಬಂದು ಬಕೆಟ್‌ಗಳ ಮುಂದೆ ನಿಲ್ತಾನೆ. ಹಾಲಿನ ಚಿಂತೆ ಬಿಡಿ, ಹುಲ್ಲು ಕೊಯ್ಲು ಮುಖ್ಯ, ಎಲ್ಲರೂ ಹೊರಡಿ ಅಂತಾನೆ. ಪ್ರಾಣಿಗಳು ಹೊಲಕ್ಕೆ ಹೋಗ್ತವೆ. ಸಂಜೆ ಬಂದು ನೋಡಿದರೆ ಹಾಲಿಲ್ಲ.

ಅಷ್ಟೇ. ಅಧ್ಯಾಯ ಮುಗೀತು. ಹಂದಿಗಳು ಕುಡಿದವು ಅಂತ ಬರೆಯಲ್ಲ. ನೆಪೋಲಿಯನ್ ಕಳ್ಳ ಅನ್ನೋದೂ ಇಲ್ಲ. ಕಥೆ ಹೇಳುವ ದನಿ ಪ್ರಾಣಿಗಳ ಕಣ್ಣಿಗೆ ಬಿದ್ದಷ್ಟನ್ನೇ ಹೇಳುತ್ತೆ, ಅದಕ್ಕಿಂತ ಒಂದು ಗೆರೆ ಮುಂದೆ ಹೋಗಲ್ಲ. ಸಿಟ್ಟಿಲ್ಲ, ಟೀಕೆ ಇಲ್ಲ. ಹಾಲು ಇತ್ತು, ಈಗ ಇಲ್ಲ.

ಮುಂದಿನ ಅಧ್ಯಾಯದಲ್ಲಿ ಗುಟ್ಟು ಗೊತ್ತಾಗುತ್ತೆ, ಹಾಲು ದಿನವೂ ಹಂದಿಗಳ ಮೇವಿಗೆ ಹೋಗ್ತಿದೆ. ಮರದಿಂದ ಉದುರಿದ ಸೇಬೂ ಅವಕ್ಕೇ ಮೀಸಲು. ಆಗ ಸ್ಕ್ವೀಲರ್ ಅನ್ನೋ ಮಾತಿನಮಲ್ಲ ಹಂದಿ ಬಂದು ವಿವರಣೆ ಕೊಡ್ತಾನೆ. ನಮಗೆ ಹಾಲು, ಸೇಬು ಇಷ್ಟವೇ ಇಲ್ಲ, ಆದರೂ ನಿಮಗೋಸ್ಕರ ತಿಂತೀವಿ, ತಲೆ ಕೆಲಸಕ್ಕೆ ಅದು ಬೇಕು ಅಂತ ವಿಜ್ಞಾನವೇ ಹೇಳಿದೆ, ನಾವು ಸೋತರೆ ಜೋನ್ಸ್ ವಾಪಸ್ ಬರ್ತಾನೆ, ಬರಬೇಕಾ? ಇದು ಅವನ ಮಾತಿನ ಸಾರ. ಜೋನ್ಸ್ ಬರೋದು ಯಾರಿಗೂ ಬೇಡ. ಮಾತು ಅಲ್ಲಿಗೆ ಮುಗೀತು.

ಆರ್ವೆಲ್ 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಬರಹಗಾರ ಡ್ವೈಟ್ ಮೆಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ, ಕಥೆಯ ತಿರುವು ಇರೋದು ಇಲ್ಲೇ ಅಂತ ಹೇಳಿದ್ದಾರೆ. ಹಂದಿಗಳು ಹಾಲು ಸೇಬು ತಮಗೇ ಇಟ್ಕೊಂಡ ಕ್ಷಣದಲ್ಲೇ ಉಳಿದವರು ಗಟ್ಟಿಯಾಗಿ ನಿಲ್ಲಬೇಕಿತ್ತು ಅನ್ನೋದು ಅವರ ಮಾತಿನ ಅರ್ಥ. ನಾಯಿಗಳು, ಕೊಲೆ, ರಕ್ತ ಎಲ್ಲ ಬರೋದು ಆಮೇಲೆ. ಬರೋ ಹೊತ್ತಿಗೆ ತಡವಾಗಿರುತ್ತೆ.

ಪ್ರಾಣಿಗಳೇ ಯಾಕೆ?

ಮೊದಲ ಮುದ್ರಣದಲ್ಲಿ ಪುಸ್ತಕಕ್ಕೆ ಒಂದು ಉಪಶೀರ್ಷಿಕೆ ಇತ್ತು. ಇದೊಂದು ಕಿನ್ನರ ಕಥೆ, ಮಕ್ಕಳಿಗೆ ಹೇಳೋ ಥರದ್ದು, ಅನ್ನೋ ಅರ್ಥದ್ದು. ನಮಗಂತೂ ಮಾತಾಡೋ ಪ್ರಾಣಿಗಳು ಹೊಸದಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಿದ್ದಾನೆ. ಕಿವಿಯೂದಿ ಸ್ನೇಹ ಒಡೆಯೋ ನರಿಗಳ ಕಥೆ ನಮ್ಮ ಅಜ್ಜಿಯರಿಗೆ ಬಾಯಿಪಾಠ. ಆದರೆ ಪಂಚತಂತ್ರ ಹುಟ್ಟಿದ್ದು ರಾಜಕುಮಾರರಿಗೆ ಬುದ್ಧಿ ಹೇಳೋಕೆ, ಆಳೋದು ಹೇಗೆ ಅಂತ ಕಲಿಸೋಕೆ. ಆರ್ವೆಲ್ ಅದೇ ಪಾತ್ರೆ ತಗೊಂಡು ಆಳಿಸಿಕೊಳ್ಳೋರಿಗೆ ಬಡಿಸಿದರು. ಮತ್ತೆ ಕೊನೆಯಲ್ಲಿ ನೀತಿ ಬರೀಲಿಲ್ಲ.

ಈ ಐಡಿಯಾ ಹೊಳೆದದ್ದು ಹೇಗೆ ಅಂತ 1947ರ ಉಕ್ರೇನಿಯನ್ ಅನುವಾದದ ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. ಒಂದು ಹಳ್ಳಿಯಲ್ಲಿದ್ದಾಗ, ಸುಮಾರು ಹತ್ತು ವರ್ಷದ ಹುಡುಗ ಒಬ್ಬ ಇಕ್ಕಟ್ಟಾದ ದಾರಿಯಲ್ಲಿ ದೈತ್ಯ ಗಾತ್ರದ ಗಾಡಿ ಕುದುರೆಯನ್ನ ಹೊಡ್ಕೊಂಡು ಹೋಗ್ತಿದ್ದ. ಕುದುರೆ ತಿರುಗಲು ನೋಡಿದಾಗೆಲ್ಲ ಚಾಟಿ. ಈ ಕುದುರೆಗೆ ತನ್ನ ಶಕ್ತಿ ತನಗೇ ಗೊತ್ತಾದರೆ ಮನುಷ್ಯನ ಕೈಲಿ ಏನಾಗುತ್ತೆ ಅಂತ ಅವರಿಗೆ ಅನ್ನಿಸ್ತು.

ಆ ಕುದುರೆಯೇ ಪುಸ್ತಕದಲ್ಲಿ ಬಾಕ್ಸರ್ ಆಗಿ ಬಂತು ಅಂತ ನನಗೆ ಅನಿಸುತ್ತೆ. ಬಾಕ್ಸರ್ ಹಗಲಿರುಳು ದುಡೀತಾನೆ. ಅಕ್ಷರಮಾಲೆಯಲ್ಲಿ ನಾಲ್ಕೇ ಅಕ್ಷರ ಕಲಿಯೋಕಾಗೋದು. ಏನೇ ತೊಂದರೆ ಬಂದರೂ ಇನ್ನಷ್ಟು ದುಡಿದರೆ ಸರಿಹೋಗುತ್ತೆ, ನಾಯಕ ಹೇಳಿದರೆ ಸರಿಯೇ ಇರುತ್ತೆ ಅಂತ ನಂಬಿದವನು. ಒಮ್ಮೆ ಮೂರು ನಾಯಿಗಳು ಅವನ ಮೇಲೆ ಹಾರಿದಾಗ ಒಂದನ್ನ ಗೊರಸಿನಡಿ ಅದುಮಿ ಹಿಡೀತಾನೆ. ಹಿಡಿದು, ಸಾಯಿಸಲಾ ಬಿಡಲಾ ಅಂತ ನೆಪೋಲಿಯನ್ ಮುಖ ನೋಡ್ತಾನೆ! ಶಕ್ತಿ ಇದೆ, ಅದು ತನ್ನದು ಅನ್ನೋ ಅರಿವಿಲ್ಲ.

ಗೋಡೆ ಬದಲಾಗುತ್ತೆ, ನೆನಪೂ ಬದಲಾಗುತ್ತೆ

ಏಳು ಆಜ್ಞೆಗಳ ಗೋಡೆ ಇದೆಯಲ್ಲ, ಅದೇ ಈ ಪುಸ್ತಕದ ಮುಖ್ಯ ಸಂಕೇತ. ಗಮನಿಸಿ, ಹಂದಿಗಳು ಯಾವ ಆಜ್ಞೆಯನ್ನೂ ಮೊದಲಿಗೆ ಅಳಿಸಲ್ಲ. ಒಂದೆರಡು ಪದ ಸೇರಿಸ್ತವೆ. ಮಂಚದ ಮೇಲೆ ಮಲಗಬಾರದು ಅನ್ನೋ ನಿಯಮಕ್ಕೆ ಹಾಸಿನ ಬಟ್ಟೆಯ ಮಾತು ಸೇರುತ್ತೆ. ಕುಡಿಯಬಾರದು ಅನ್ನೋದಕ್ಕೆ ‘ಅತಿಯಾಗಿ’ ಅನ್ನೋ ಅರ್ಥ ಅಂಟುತ್ತೆ. ಕೊಲ್ಲಬಾರದು ಅನ್ನೋದಕ್ಕೆ ‘ಕಾರಣವಿಲ್ಲದೆ’ ಅನ್ನೋ ಅರ್ಥ. ಒಂದು ನಿಯಮದ ಕುತ್ತಿಗೆ ಹಿಸುಕೋಕೆ ಒಂದು ಕ್ರಿಯಾವಿಶೇಷಣ ಸಾಕು.

ಕ್ಲೋವರ್ ಅನ್ನೋ ಹೆಣ್ಣು ಕುದುರೆಗೆ ಅನುಮಾನ. ಮೊದಲು ಹೀಗಿರಲಿಲ್ಲ ಅನ್ಸುತ್ತೆ. ಆದರೆ ಅವಳಿಗೆ ಸರಿಯಾಗಿ ಓದೋಕೆ ಬರಲ್ಲ. ಮ್ಯೂರಿಯಲ್ ಅನ್ನೋ ಮೇಕೆಯ ಹತ್ತಿರ ಓದಿಸ್ತಾಳೆ. ಗೋಡೆ ಮೇಲೆ ಹಾಗೇ ಇದೆ. ನಾನೇ ಮರೆತಿರಬೇಕು ಅಂದ್ಕೋತಾಳೆ. ಒಂದು ಮಧ್ಯರಾತ್ರಿ ಧಡ್ ಅಂತ ಸದ್ದಾಗುತ್ತೆ. ಪ್ರಾಣಿಗಳು ಓಡಿ ಬಂದು ನೋಡಿದರೆ ಗೋಡೆ ಬುಡದಲ್ಲಿ ಮುರಿದ ಏಣಿ, ಚೆಲ್ಲಿದ ಬಣ್ಣ, ಕುಂಚ, ಪಕ್ಕದಲ್ಲಿ ಬಿದ್ದಿರೋ ಸ್ಕ್ವೀಲರ್. ಅಷ್ಟು ನೋಡಿದರೂ ಹೆಚ್ಚಿನವಕ್ಕೆ ಏನೂ ಅರ್ಥ ಆಗಲ್ಲ!

ನಮಗೆ ಅರ್ಥ ಆಗುತ್ತೆ. ಪಾತ್ರಗಳಿಗೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಿರೋದನ್ನ ನಾಟಕೀಯ ವ್ಯಂಗ್ಯ ಅಂತಾರೆ. ನಾಟಕದಲ್ಲಿ ಖಳ ಕಂಬದ ಹಿಂದೆ ನಿಂತಿರ್ತಾನೆ, ನಾಯಕನಿಗೆ ಕಾಣಲ್ಲ, ನಾವು ಕೂತಲ್ಲೇ ಚಡಪಡಿಸ್ತೀವಲ್ಲ, ಹಾಗೆ. ಆದರೆ ಆರ್ವೆಲ್ ಇದನ್ನ ಮೋಜಿಗೆ ಬಳಸಲ್ಲ. ಹಳೇ ಪುಟ ನೆನಪಿಟ್ಟುಕೊಂಡವನು ಆ ಹೊಲಮನೆಯಲ್ಲಿ ಯಾರೂ ಇಲ್ಲ, ಓದುಗ ಒಬ್ಬನೇ. ಅನುಮಾನ ಬಂದರೆ ನಾವು ಹಿಂದಕ್ಕೆ ತಿರುವಿ ನೋಡಬಹುದು. ಕ್ಲೋವರ್‌ಗೆ ತಿರುವಿ ನೋಡೋಕೆ ಪುಟವೇ ಇಲ್ಲ. ಪುಸ್ತಕ ಸದ್ದಿಲ್ಲದೆ ನಮ್ಮನ್ನ ಸಾಕ್ಷಿ ಕಟ್ಟೆಗೆ ಹತ್ತಿಸಿಬಿಡುತ್ತೆ.

ಇನ್ನೊಂದು ಉದಾಹರಣೆ. ಜೋನ್ಸ್ ಮತ್ತೆ ದಾಳಿ ಮಾಡಿದಾಗ ಮುಂದೆ ನಿಂತು ಹೋರಾಡಿದವನು ಸ್ನೋಬಾಲ್. ಗುಂಡು ತಾಗಿ ಬೆನ್ನಲ್ಲಿ ರಕ್ತ ಸುರಿದದ್ದನ್ನ ಎಲ್ಲರೂ ನೋಡಿದ್ದಾರೆ. ಪದಕ ಕೊಟ್ಟಿದ್ದಾರೆ. ಅವನನ್ನ ಓಡಿಸಿದ ಮೇಲೆ, ಅವನ ಪಾತ್ರ ಅಷ್ಟೇನೂ ದೊಡ್ಡದಲ್ಲ ಅಂತ ಶುರುವಾಗುತ್ತೆ. ಆಮೇಲೆ ಪದಕ ಕೊಟ್ಟೇ ಇರಲಿಲ್ಲ. ಕೊನೆಗೆ ಅವನು ಜೋನ್ಸ್ ಕಡೆಯವನೇ ಆಗಿದ್ದ. ಬಾಕ್ಸರ್ ಒಬ್ಬನೇ ಇದನ್ನ ಒಪ್ಪಲ್ಲ, ನಾನೇ ನೋಡಿದ್ದೀನಿ ಅಂತಾನೆ. ನೆಪೋಲಿಯನ್ ಹೇಳಿದ್ದಾರೆ ಅಂದ ತಕ್ಷಣ, ಹಾಗಾದರೆ ಸರಿ ಅಂತ ಸುಮ್ಮನಾಗ್ತಾನೆ. ತನ್ನ ಕಣ್ಣನ್ನೇ ತಾನು ಬಿಟ್ಟುಕೊಡ್ತಾನೆ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ಫೋಟೊ ಬಗ್ಗೆ ಹೇಳ್ತೀನಿ. ಕಾಲುವೆಯ ದಂಡೆ ಮೇಲೆ ಸ್ಟಾಲಿನ್ ನಡೀತಿದ್ದಾನೆ, ಪಕ್ಕದಲ್ಲಿ ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಝೋವ್. 1940ರಲ್ಲಿ ಯೆಝೋವ್‌ನನ್ನೇ ಗುಂಡಿಕ್ಕಿ ಕೊಂದರು. ಆಮೇಲೆ ಬಂದ ಫೋಟೊದಲ್ಲಿ ಅವನು ನಿಂತಿದ್ದ ಜಾಗದಲ್ಲಿ ನೀರು ಹರೀತಿದೆ. ಫೋಟೊಶಾಪ್ ಹುಟ್ಟೋಕೆ ಎಷ್ಟೋ ದಶಕ ಮೊದಲಿನ ಮಾತಿದು.

ಸ್ಕ್ವೀಲರ್‌ನ ಭಾಷೆಯನ್ನೂ ಸ್ವಲ್ಪ ಕೇಳಿ. ಮೇವು ಕಡಿಮೆ ಮಾಡಿದಾಗ ‘ಕಡಿತ’ ಅನ್ನೋ ಪದ ಅವನ ಬಾಯಿಗೆ ಬರಲ್ಲ, ‘ಹೊಂದಾಣಿಕೆ’ ಅನ್ನೋ ಥರದ ಪದ ಬಳಸ್ತಾನೆ. ಹೊಟ್ಟೆ ಹಸಿದವರ ಮುಂದೆ ಉದ್ದನೆ ಕಾಗದ ಹಿಡಿದು, ಉತ್ಪಾದನೆ ಇನ್ನೂರು, ಮುನ್ನೂರು, ಐನೂರು ಪರ್ಸೆಂಟ್ ಜಾಸ್ತಿಯಾಗಿದೆ ಅಂತ ಓದ್ತಾನೆ. ಯಾರಾದರೂ ಪ್ರಶ್ನೆ ಎತ್ತೋ ಹೊತ್ತಿಗೆ ಕುರಿಗಳು ಒಂದೇ ಘೋಷಣೆಯನ್ನ ಕಾಲು ಗಂಟೆ ಕೂಗ್ತವೆ. ಪ್ರಶ್ನೆ ಗದ್ದಲದಲ್ಲಿ ಮುಳುಗುತ್ತೆ. ಕಾಮೆಂಟ್ ಬಾಕ್ಸ್ ನೋಡಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಓದಲು ಬಂದರೂ ಓದದವನು

ಈ ಪುಸ್ತಕದಲ್ಲಿ ನನಗೆ ಹೆಚ್ಚು ಕಾಡೋದು ನೆಪೋಲಿಯನ್ ಅಲ್ಲ. ಬೆಂಜಮಿನ್ ಅನ್ನೋ ಕತ್ತೆ. ಅವನಿಗೆ ಹಂದಿಗಳಷ್ಟೇ ಚೆನ್ನಾಗಿ ಓದೋಕೆ ಬರುತ್ತೆ, ಆದರೆ ಓದಲ್ಲ. ಯಾರು ಬಂದರೂ ಅಷ್ಟೇ, ಯಾವುದೂ ಬದಲಾಗಲ್ಲ ಅನ್ನೋದು ಅವನ ನಿಲುವು. ಬುದ್ಧಿವಂತ, ಎಲ್ಲ ಗೊತ್ತು, ಬಾಯಿ ಬಿಡಲ್ಲ.

ಬಾಕ್ಸರ್ ಕಲ್ಲು ಎಳೆದು ಎಳೆದು ಕುಸಿದು ಬೀಳ್ತಾನೆ. ಆಸ್ಪತ್ರೆಗೆ ಕಳಿಸ್ತೀವಿ ಅಂತ ಹಂದಿಗಳು ಹೇಳ್ತವೆ. ಗಾಡಿ ಬರುತ್ತೆ. ಪ್ರಾಣಿಗಳೆಲ್ಲ ಸುತ್ತ ನಿಂತು ಹೋಗಿ ಬಾ ಅಂತ ಬೀಳ್ಕೊಡ್ತಿದ್ದಾವೆ. ಆಗ ಬೆಂಜಮಿನ್ ಓಡಿ ಬಂದು ಕೂಗ್ತಾನೆ, ಗಾಡಿ ಮೇಲೆ ಬರೆದಿರೋದನ್ನ ಜೋರಾಗಿ ಓದಿ ಹೇಳ್ತಾನೆ. ಅದು ಮುದಿ ಕುದುರೆಗಳನ್ನ ಕೊಂದು ಅಂಟು ಕಾಯಿಸೋನ ಗಾಡಿ. ಒಳಗಿಂದ ಬಾಕ್ಸರ್ ಗೊರಸಿನಿಂದ ಬಡಿಯೋ ಸದ್ದು ಕೇಳುತ್ತೆ. ಮೆಲ್ಲಗಾಗುತ್ತೆ. ನಿಲ್ಲುತ್ತೆ.

ಅದಕ್ಕೂ ಸ್ಕ್ವೀಲರ್ ಹತ್ತಿರ ಉತ್ತರ ಇದೆ. ಗಾಡಿ ಮೊದಲು ಅವನದಾಗಿತ್ತು, ಈಗ ಪಶುವೈದ್ಯರು ಕೊಂಡಿದ್ದಾರೆ, ಹಳೇ ಹೆಸರು ಅಳಿಸಿಲ್ಲ ಅಷ್ಟೇ. ಕೆಲವು ದಿನಕ್ಕೆ ಹಂದಿಗಳ ಮನೆಗೆ ಒಂದು ಪೆಟ್ಟಿಗೆ ವಿಸ್ಕಿ ಬರುತ್ತೆ. ದುಡ್ಡು ಎಲ್ಲಿಂದಲೋ ಬಂತಂತೆ. ಮತ್ತೆ ಅದೇ ತಣ್ಣನೆಯ ದನಿ. ಹಾಲಿನ ವಿಷಯ ಹೇಳಿದ ದನಿಯಲ್ಲೇ ಬಾಕ್ಸರ್ ಸಾವಿನ ಬೆಲೆಯನ್ನೂ ಹೇಳಿ ಮುಗಿಸುತ್ತೆ.

ಬೆಂಜಮಿನ್ ಅವತ್ತು ಓದಿದ. ಆದರೆ ಗೋಡೆ ಮೇಲೆ ಮೊದಲ ಪದ ಸೇರಿದ ದಿನ ಓದಿದ್ದರೆ? ರಾಜಕೀಯ ಎಲ್ಲ ಕೊಳಕು, ನಮಗ್ಯಾಕೆ ಅಂತ ಸ್ಕ್ರೋಲ್ ಮಾಡ್ತಾ ಹೋಗುವ ನಮ್ಮಂಥ ಅಕ್ಷರಸ್ಥರ ಬಗ್ಗೆ ಇಷ್ಟು ಕಟುವಾದ ಪಾತ್ರವನ್ನ ನಾನು ಇನ್ನೊಂದು ನೋಡಿಲ್ಲ.

ಕೊನೆ ದೃಶ್ಯ ಗೊತ್ತಲ್ಲ. ಹಂದಿಗಳೂ ಮನುಷ್ಯರೂ ಒಂದೇ ಮೇಜಿನಲ್ಲಿ ಕೂತು ಇಸ್ಪೀಟಾಡ್ತಾರೆ, ಪ್ರಾಣಿಗಳು ಕಿಟಕಿಯಿಂದ ಇಣುಕ್ತವೆ. ನೆಪೋಲಿಯನ್, ಪಿಲ್ಕಿಂಗ್ಟನ್ ಇಬ್ಬರೂ ಒಟ್ಟಿಗೇ ಸ್ಪೇಡ್ ಎಕ್ಕ ಇಳಿಸಿದ್ದರಿಂದ ಜಗಳ. ಯಾರೋ ಮೋಸ ಮಾಡಿದ್ದಾರೆ, ಯಾರು ಅಂತ ಪುಸ್ತಕ ಹೇಳಲ್ಲ. ಹೊರಗಿನವರಿಗೆ ಯಾವ ಮುಖ ಯಾರದ್ದು ಅನ್ನೋದೇ ಗೊತ್ತಾಗಲ್ಲ. ಶುರುವಾದಲ್ಲಿಗೇ ಬಂದು ನಿಂತ ಕಥೆ. ಯಜಮಾನರು ಬದಲಾದರು, ಚಾಟಿ ಹಾಗೇ ಉಳೀತು.

ಪುಸ್ತಕಕ್ಕೇ ಬಂದ ಗತಿ

ಸತ್ಯವನ್ನ ಬದಿಗೆ ತಳ್ಳೋ ಬಗ್ಗೆ ಬರೆದ ಪುಸ್ತಕವನ್ನೂ ಬದಿಗೆ ತಳ್ಳೋಕೆ ನೋಡಿದರು. 1944ರಲ್ಲಿ ಸೋವಿಯತ್ ಒಕ್ಕೂಟ ಬ್ರಿಟನ್ನಿನ ಮಿತ್ರ ದೇಶ. ಹಿಟ್ಲರ್ ವಿರುದ್ಧ ಇಬ್ಬರೂ ಒಟ್ಟಿಗೆ ಹೋರಾಡ್ತಿರುವಾಗ ಸ್ಟಾಲಿನ್‌ನನ್ನ ಹಂದಿ ಮಾಡೋದಾ? ಗೊಲಾನ್ಸ್ ಬೇಡ ಅಂದರು. ಜೊನಾಥನ್ ಕೇಪ್ ಪ್ರಕಾಶನ ಒಪ್ಪುವ ಹಂತಕ್ಕೆ ಬಂದು, ಮಾಹಿತಿ ಸಚಿವಾಲಯದ ಅಧಿಕಾರಿಯೊಬ್ಬರ ಸಲಹೆ ಕೇಳಿ ಹಿಂದೆ ಸರಿಯಿತು. ಆ ಅಧಿಕಾರಿ ಪೀಟರ್ ಸ್ಮಾಲೆಟ್ ಸೋವಿಯತ್ ಏಜೆಂಟ್ ಆಗಿದ್ದ ಅನ್ನೋದು ಬಯಲಾಗಿದ್ದು ಬಹಳ ತಡವಾಗಿ. ಫೇಬರ್ ಪ್ರಕಾಶನದಲ್ಲಿದ್ದ ಕವಿ ಟಿ. ಎಸ್. ಎಲಿಯಟ್ ಕೂಡ ವಾಪಸ್ ಕಳಿಸಿದರು. ಅದೇ ವರ್ಷ ಜರ್ಮನ್ನರ ಹಾರುವ ಬಾಂಬ್ ಬಿದ್ದು ಆರ್ವೆಲ್ ಮನೆ ಹಾಳಾಯ್ತು. ಹಸ್ತಪ್ರತಿ ಸಿಕ್ಕಿದ್ದು ಅವಶೇಷಗಳ ನಡುವೆ. ಕೊನೆಗೆ ಸೆಕರ್ ಆಂಡ್ ವಾರ್ಬರ್ಗ್ 1945ರ ಆಗಸ್ಟ್ 17ರಂದು ಪ್ರಕಟಿಸಿತು. ಬರೆಯುವಾಗ ಜೊತೆಗಿದ್ದ ಐಲೀನ್ ಅದನ್ನ ನೋಡಲಿಲ್ಲ. ಅದೇ ಮಾರ್ಚ್‌ನಲ್ಲಿ ಆಪರೇಷನ್ ವೇಳೆ ತೀರಿಕೊಂಡಿದ್ದರು.

ಅಚ್ಚಿಗೆ ಹೋಗೋ ಮುಂಚೆ ಆರ್ವೆಲ್ ಒಂದು ತಿದ್ದುಪಡಿ ಮಾಡಿಸಿದರು. ಗಾಳಿಯಂತ್ರ ಸ್ಫೋಟವಾದಾಗ ನೆಪೋಲಿಯನ್ ಸೇರಿ ಎಲ್ಲರೂ ನೆಲಕ್ಕೆ ಬೀಳ್ತಾರೆ ಅಂತ ಬರೆದಿದ್ದರು. ಅದನ್ನ, ನೆಪೋಲಿಯನ್ ಬಿಟ್ಟು ಉಳಿದವರು ಬೀಳ್ತಾರೆ ಅಂತ ಬದಲಿಸಿದರು. ಕಾರಣ? ಜರ್ಮನ್ ಸೈನ್ಯ ಹತ್ತಿರ ಬಂದಾಗ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಿರಲಿಲ್ಲ. ಅದಷ್ಟನ್ನು ನ್ಯಾಯವಾಗಿ ಹೇಳಬೇಕು ಅನ್ನೋದು ಅವರ ವಾದ. ನೋಡಿ, ಇಲ್ಲೂ ಒಂದೆರಡು ಪದದ ಬದಲಾವಣೆಯೇ. ಸ್ಕ್ವೀಲರ್ ಗೋಡೆ ತಿದ್ದಿದ್ದು ತನ್ನವರನ್ನ ಉಳಿಸೋಕೆ. ಆರ್ವೆಲ್ ಪುಟ ತಿದ್ದಿದ್ದು ತಾನು ದ್ವೇಷಿಸೋನಿಗೂ ಅನ್ಯಾಯ ಆಗದಿರಲಿ ಅಂತ.

ಅವರು ಹೋದ ಮೇಲೆ ಪುಸ್ತಕದ ಗೋಡೆಗೂ ಬಣ್ಣ ಬಳಿದರು. 1950ರಲ್ಲಿ ಆರ್ವೆಲ್ ತೀರಿಕೊಂಡರು. 1954ರಲ್ಲಿ ಬಂದ ಅನಿಮೇಷನ್ ಸಿನಿಮಾಕ್ಕೆ ಗುಟ್ಟಾಗಿ ದುಡ್ಡು ಹಾಕಿದ್ದು ಅಮೆರಿಕದ ಸಿಐಎ. ಅದರ ಕೊನೆಯಲ್ಲಿ ಪ್ರಾಣಿಗಳು ಹಂದಿಗಳ ವಿರುದ್ಧ ಮತ್ತೆ ದಂಗೆ ಏಳ್ತವೆ, ಒಳಗೆ ಮನುಷ್ಯರೇ ಇಲ್ಲ. ಎರಡೂ ಕಡೆ ಒಂದೇ ಮುಖ ಅನ್ನೋ ಮಾತು ಮಾಯ. ಆರ್ವೆಲ್ ಕೊನೆಯವರೆಗೂ ಸಮಾಜವಾದಿಯೇ. ದಂಗೆ ಏಳಬೇಡಿ ಅಂತ ಅವರು ಬರೆದಿರಲಿಲ್ಲ. ಎದ್ದ ಮೇಲೆ ಎಚ್ಚರ ತಪ್ಪಬೇಡಿ, ನಾಯಕರ ಕೆಲಸ ಮುಗಿದ ಮೇಲೆ ಅವರನ್ನ ಇಳಿಸೋದನ್ನ ಕಲೀರಿ ಅನ್ನೋದೇ ಅವರು ಮೆಕ್‌ಡೊನಾಲ್ಡ್‌ಗೆ ಬರೆದ ಪತ್ರದ ಸಾರ.

ಮತ್ತೆ ಆ ಕಪ್ಪು ಹಲಗೆ

ಈಗ ನನ್ನ ಹಾಸ್ಟೆಲ್‌ಗೆ ಬರೋಣ.

ಕಮಿಟಿಯವರು ರಾತ್ರಿ ಕೂತು ಲೆಕ್ಕ ಬರೀಬೇಕಿತ್ತು. ಮುಗಿಯೋ ಹೊತ್ತಿಗೆ ಮೊಸರು ಖಾಲಿ. ಐದು ಲೋಟ ಎತ್ತಿಡಿ ಅಂತ ಅಡುಗೆಯವರಿಗೆ ಹೇಳಿದೆವು. ಸುಳ್ಳಲ್ಲ, ನಿಜವಾಗಲೂ ಕೆಲಸ ಇತ್ತು. ಮೂರು ವಾರಕ್ಕೆ ಲೋಟ ಹೋಗಿ ಒಂದು ಸ್ಟೀಲ್ ಪಾತ್ರೆ ಬಂತು, ಗಟ್ಟಿ ಮೊಸರು. ಆಮೇಲೆ ಸಾಲಿನಲ್ಲಿ ನಿಲ್ಲೋದು ಯಾಕೆ, ಟೈಮ್ ವೇಸ್ಟ್ ಅನ್ನಿಸ್ತು. ಒಂದು ಸಂಜೆ ಹಾಲ್‌ನಲ್ಲಿ ಯಾರೂ ಇಲ್ಲದಾಗ ನಾನು ಸೀಮೆಸುಣ್ಣ ತಗೊಂಡು ಮೊದಲ ನಿಯಮದ ಕೊನೆಗೆ ಸೇರಿಸಿದೆ: ‘ಕಮಿಟಿ ಸದಸ್ಯರನ್ನು ಹೊರತುಪಡಿಸಿ’. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಮಾರನೇ ದಿನ ಒಬ್ಬ ಜೂನಿಯರ್ ಹುಡುಗ, ಮೊದಲ ವರ್ಷದವನು, ತಟ್ಟೆ ಹಿಡ್ಕೊಂಡು ಹಲಗೆ ಮುಂದೆ ನಿಂತ. ಮುಷ್ಕರದ ಮೂರು ದಿನವೂ ನಮ್ಮ ಜೊತೆ ಉಪವಾಸ ಕೂತಿದ್ದವನು. “ಅಣ್ಣಾ, ಮೊದಲು ಹೀಗೆ ಬರೆದಿರಲಿಲ್ಲ ಅಲ್ವಾ?” ಅಂದ.

ನಾನು, “ಮೊದಲಿಂದಲೂ ಹೀಗೇ ಇತ್ತಲ್ಲೋ” ಅಂದೆ.

ಅವನು ಹಲಗೆ ನೋಡಿದ, ನನ್ನ ನೋಡಿದ. “ಹೌದಾ ಅಣ್ಣಾ? ಹಾಗಾದರೆ ನಾನೇ ಮರೆತಿರ್ತೀನಿ ಬಿಡಿ” ಅಂತ ಹೇಳಿ ಹೋಗಿ ಸಾಲಿನ ಕೊನೆಗೆ ನಿಂತ.

ಒಂದು ವರ್ಷ ಕಳೆದು, ಲೈಬ್ರರಿಯಿಂದ ತಂದ ‘ಅನಿಮಲ್ ಫಾರ್ಮ್’ ಓದ್ತಿದ್ದೆ. ಕ್ಲೋವರ್ ಗೋಡೆ ಮುಂದೆ ನಿಂತು, ನಾನೇ ಮರೆತಿರಬೇಕು ಅಂದುಕೊಳ್ಳೋ ಜಾಗ ಬಂತು. ಪುಸ್ತಕ ಮುಚ್ಚಿದೆ. ಅಷ್ಟು ದಿನ ನಾನು ಸ್ಟಾಲಿನ್, ಟ್ರಾಟ್‌ಸ್ಕಿ ಅಂತ ಪಟ್ಟಿ ಮಾಡ್ಕೊಂಡು ಓದ್ತಿದ್ದೆ. ಆ ಪಟ್ಟಿಯಲ್ಲಿ ನಾನೂ ಇದ್ದೆ. ಏಣಿ ಹತ್ತಿದ್ದೆ, ಬಿದ್ದಿರಲಿಲ್ಲ ಅಷ್ಟೇ. ಹುಡುಗನನ್ನ ಹುಡುಕಿದೆ, ಅವನು ಅಷ್ಟರಲ್ಲಿ ಹಾಸ್ಟೆಲ್ ಬಿಟ್ಟು ರೂಮ್ ಮಾಡ್ಕೊಂಡಿದ್ದ. ಸಾರಿ ಕೇಳೋಕೆ ಆಗಲೇ ಇಲ್ಲ. ಇವತ್ತು ಇಲ್ಲಿ ಕೇಳ್ತಿದ್ದೀನಿ. ಅವನು ಈ ಪಾಡ್‌ಕಾಸ್ಟ್ ಕೇಳೋ ಸಾಧ್ಯತೆ ಕಡಿಮೆ. ಕೇಳಿದರೆ, ತಮ್ಮಾ, ನೀನು ಮರೆತಿರಲಿಲ್ಲ. ನಾನು ಸುಳ್ಳು ಹೇಳಿದ್ದೆ.

ಉಳಿದವರಿಗೆ ಎರಡೇ ಮಾತು. ನಿಮ್ಮ ಕಾಲೇಜು ಸಂಘ, ಅಪಾರ್ಟ್‌ಮೆಂಟ್ ಕಮಿಟಿ, ನೀವು ಓಟು ಹಾಕಿದ ಪಕ್ಷ, ಯಾವುದೇ ಇರಲಿ, ನಿಯಮ ಬರೆದ ಮೊದಲ ದಿನವೇ ಹಲಗೆಯ ಫೋಟೊ ತೆಗೆದಿಟ್ಟುಕೊಳ್ಳಿ. ಕೈಯಲ್ಲಿ ಫೋನ್ ಇದೆ, ಕ್ಲೋವರ್‌ಗೆ ಇರಲಿಲ್ಲ. ಎರಡನೆಯದು, ಹಾಲು ಎಲ್ಲಿ ಹೋಯ್ತು ಅಂತ ಮೊದಲ ಸಂಜೆಯೇ ಕೇಳಿ. ನಿಮ್ಮವರನ್ನೇ ಕೇಳಿ. ಪಾತ್ರೆ ನಿಮ್ಮ ಕೈಯಲ್ಲೇ ಇದ್ದರೆ ನಿಮ್ಮನ್ನೇ ಕೇಳ್ಕೊಳ್ಳಿ.